ಎಕನಾಮಿಕ್ಸ್‌ನ ಐಎಸ್-ಎಲ್‌ಎಂ ತಲೆಗೇ ಹತ್ತುತಿಲ್ಲ, ಯಾರಾದ್ರೂ ಹೇಳ್ರಪ್ಪ

ಬೆಣ್ಣೆದೋಸೆ_ಬಿಎ:
ದಾವಣಗೆರೆಲಿ ಬಿಎ ಓದ್ತಿದೀನಿ. ಎಂಪಿಸಿ (ಹೆಚ್ಚಿಗೆ ಬಂದ ಪ್ರತಿ ರೂಪಾಯಿಲಿ ಜನ ಖರ್ಚು ಮಾಡೋ ಪಾಲು) 0.8 ಇದ್ರೆ ಮಲ್ಟಿಪ್ಲೈಯರ್ 1/(1-0.8), ಅಂದ್ರೆ 5, ಸರ್ಕಾರ 100 ಕೋಟಿ ಖರ್ಚು ಮಾಡಿದ್ರೆ ಆದಾಯ 500 ಕೋಟಿ ಏರತ್ತೆ ಅಂತ ಫಸ್ಟ್ ಇಯರ್‌ಲಿ ಹೇಳ್ಕೊಟ್ರು, ಈಗ ಐಎಸ್-ಎಲ್‌ಎಂ (ಸರಕು ಮಾರುಕಟ್ಟೆ, ಹಣದ ಮಾರುಕಟ್ಟೆ ಎರಡನ್ನೂ ಸೇರಿಸಿ ಆದಾಯ, ಬಡ್ಡಿ ನೋಡೋ ಮಾದರಿ) ಬಂದ್ಮೇಲೆ ಅಷ್ಟು ಏರಲ್ಲ ಅಂತಾರೆ. ಉಳಿದಿದ್ದು ಎಲ್ಲಿಗ್ ಹೋಯ್ತು? ಇಂಟರ್ನಲ್ಸ್ ಬೇರೆ ಹತ್ರ ಬಂತು

ಹಳೇಬೇತೂರು_ರೋಡ್:
ಬಡ್ಡಿ ತಿಂತು ಕಣಪ್ಪ. ಆದಾಯ ಏರಿದ್ರೆ ವ್ಯವಹಾರಕ್ಕೆ ಕೈಲಿ ದುಡ್ಡು ಜಾಸ್ತಿ ಬೇಕು, ಆದ್ರೆ ಹಣದ ಪೂರೈಕೆ ಇದ್ದಷ್ಟೇ ಇದೆ, ಸೋ ಬಡ್ಡಿ ಏರತ್ತೆ, ಆಗ ಸಾಲ ತಗೊಂಡು ಹೊಸ ಮಿಷನ್ ಹಾಕೋಣ ಅಂತಿದ್ದ ಮಂಡಕ್ಕಿ ಭಟ್ಟಿಯವ್ರು ಈ ವರ್ಷ ಬೇಡ ಬಿಡು ಅಂತಾರೆ. ಅದೇ ಕ್ರೌಡಿಂಗ್ ಔಟ್. ಚಿತ್ರದಲ್ಲಿ (ಅಡ್ಡಕ್ಕೆ ಆದಾಯ, ಮೇಲಕ್ಕೆ ಬಡ್ಡಿ) ಐಎಸ್, ಅಂದ್ರೆ ಸರಕು ಮಾರುಕಟ್ಟೆ ಗೆರೆ, ಪೂರ್ತಿ 500 ಬಲಕ್ಕೆ ಸರಿಯತ್ತೆ, ಆದ್ರೆ ಎಲ್‌ಎಂ, ಅಂದ್ರೆ ಹಣದ ಮಾರುಕಟ್ಟೆ ಗೆರೆ, ಮೇಲಕ್ಕೆ ಓರೆಯಾಗಿರೋದ್ರಿಂದ ಹೊಸ ಸಮತೋಲನ 500ಕ್ಕಿಂತ ಮೊದ್ಲೇ ಸಿಗತ್ತೆ. ಬಾಯಿಪಾಠ ಹೊಡೀಬೇಡ, ಎರಡು ಸಲ ಕೈಯಾರೆ ಬರಿ

ಕೋಟೆನಾಡು:
ಆ 5 ಕೂಡ ತೆರಿಗೇನೇ ಇಲ್ದಿರೋ ಲೆಕ್ಕ. ಆದಾಯದ ಮೇಲೆ 20% ತೆರಿಗೆ ಹಾಕಿ ನೋಡಿ, 0.8 ಹೋಗಿ 0.8×0.8 = 0.64 ಆಗತ್ತೆ, 1/(1-0.64), ಸುಮಾರು 2.8ಕ್ಕೆ ಬಂದ್ಬಿಡತ್ತೆ, ಬಡ್ಡಿ ಲೆಕ್ಕಕ್ಕೆ ಬರೋ ಮುಂಚೇನೇ. ಇನ್ನೊಂದು, ಹಿಕ್ಸ್ ಅನ್ನೋ ಅರ್ಥಶಾಸ್ತ್ರಜ್ಞ ಈ ಐಎಸ್-ಎಲ್‌ಎಂ ಬರ್ದಿದ್ದು 1937ರಲ್ಲಿ, ಹಣದ ಪೂರೈಕೆ ಇದ್ದಷ್ಟೇ ಅಂತ ಇಟ್ಕೊಂಡು. ಈಗ ಆರ್‌ಬಿಐ ರೆಪೊ ದರ (ಬ್ಯಾಂಕುಗಳಿಗೆ ಅದು ಕೊಡೋ ಸಾಲದ ಬಡ್ಡಿ) ಇಟ್ಕೊಂಡು ಆಡ್ಸತ್ತೆ, ದರ ಬದಲಾಗ್ದೆ ಇರೋವರ್ಗೂ ಎಲ್‌ಎಂ ಅಡ್ಡಗೆರೆ ಇದ್ದಂಗೆ, ಬಡ್ಡಿ ಏರಲ್ಲ

ಬೆಣ್ಣೆದೋಸೆ_ಬಿಎ:
ಹಂಗಾದ್ರೆ ಕ್ರೌಡಿಂಗ್ ಔಟೇ ಇಲ್ವಾ ಸಾರ್??

ಕೋಟೆನಾಡು:
ಹಣದುಬ್ಬರ 4% ಗುರಿ ದಾಟ್ತಾ ಹೋದ್ರೆ ಆರ್‌ಬಿಐನ ದರ ನಿರ್ಧರಿಸೋ ಸಮಿತಿಯವ್ರು ರೆಪೊ ಏರಿಸ್ತಾರಲ್ಲ, ಆಗ ಬರತ್ತೆ. ಪರೀಕ್ಷೆಲಿ ಮಾತ್ರ ಓರೆ ಎಲ್‌ಎಂ ಬರಿ ಮಾರಾಯ, ಮಾರ್ಕ್ಸ್ ಅದಕ್ಕೇ