ಮಕ್ಕಳಿಗೆ ಊರಿನ ಕಷ್ಟವನ್ನೂ ಹೇಳಿ

ಹಿರಿಯರಿಗೆಲ್ಲ ನಮಸ್ಕಾರ. ಹೊರದೇಶದಲ್ಲಿ ಬೆಳೆಯುವ ಮಕ್ಕಳಿಗೆ ಊರಿನ ನಂಟು ಉಳಿಯಬೇಕಾದರೆ ಏನು ಮಾಡಬೇಕು ಎಂದು ನಮ್ಮ ಗುಂಪಿನಲ್ಲಿ ಕೆಲವು ವಾರಗಳಿಂದ ನಡೆಯುತ್ತಿರುವ ಚರ್ಚೆಯನ್ನು ನಾನು ಮಡಿಕೇರಿಯ ಹತ್ತಿರದ ಅಜ್ಜಿಮನೆಯಲ್ಲಿ ಕುಳಿತು ಓದುತ್ತಿದ್ದೇನೆ. ಇಲ್ಲಿಯವರೆಗೆ ಬರೆದವರೆಲ್ಲ ತಂದೆತಾಯಂದಿರು. ನೀವು ಯಾರನ್ನು ಕುರಿತು ಬರೆಯುತ್ತಿದ್ದೀರೋ ಆ ಮಕ್ಕಳಲ್ಲಿ ಒಬ್ಬಳಾಗಿ ನನ್ನ ಮಾತನ್ನೂ ಸೇರಿಸಬೇಕೆನ್ನಿಸಿತು. ನನಗೀಗ 23 ವರ್ಷ. ಹದಿನಾಲ್ಕು ವರ್ಷದವರೆಗೆ ಕೊಡಗಿನಲ್ಲಿಯೇ ಕನ್ನಡ ಮಾಧ್ಯಮದಲ್ಲಿ ಓದಿ, 2016ರಲ್ಲಿ ಅಪ್ಪ ಅವ್ವನ ಜೊತೆ ಮೆಲ್ಬರ್ನಿಗೆ ಹೋದೆ. ಪದವಿ ಮುಗಿದ ಮೇಲೆ, ಒಂಟಿಯಾಗಿದ್ದ ಅಜ್ಜಿಯ ಜೊತೆ ಒಂದು ವರ್ಷ ಇರುತ್ತೇನೆಂದು ಹಟ ಹಿಡಿದು ಬಂದವಳು ಇನ್ನೂ ಇಲ್ಲಿಯೇ ಇದ್ದೇನೆ.

ಮೆಲ್ಬರ್ನಿನಲ್ಲಿ ನೀವೆಲ್ಲರೂ ನಮಗೆ ಕೊಟ್ಟದ್ದನ್ನು ಕಡಿಮೆ ಎಂದು ನಾನು ಹೇಳುವುದಿಲ್ಲ. ವಾರವಿಡೀ ದುಡಿದು ದಣಿದವರು ಭಾನುವಾರದ ಕನ್ನಡ ತರಗತಿ ನಡೆಸಿದಿರಿ, ಕೈಲ್ ಮುಹೂರ್ತ, ಹುತ್ತರಿ ಹಬ್ಬಗಳಿಗೆ ಬಾಡಿಗೆಯ ಸಭಾಂಗಣದಲ್ಲಿ ನಮ್ಮನ್ನು ಸೇರಿಸಿದಿರಿ, ನಮ್ಮ ಕಡೆಯ ಮಾತಾದ ಅರೆಭಾಷೆಯಲ್ಲಿ ನಾಲ್ಕು ಮಾತಾಡಿದರೆ ಸಂತೋಷಪಟ್ಟಿರಿ. ಬ್ರಿಟಿಷರ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದನ್ನು ನಾನು ವೇದಿಕೆಯ ಮೇಲೆ ಮೂರು ಸಲ ಹೇಳಿದ್ದೇನೆ. ಆದರೆ 1837ನ್ನು ನನಗೆ ಬಾಯಿಪಾಠ ಮಾಡಿಸಿದ ನನ್ನ ಮನೆಯವರು 2018ನ್ನು ಹೇಳಲಿಲ್ಲ. ನಾನು ಇಂದು ಬರೆಯಬೇಕೆಂದಿರುವುದು ಆ ಹೇಳದೆ ಉಳಿದದ್ದರ ಬಗ್ಗೆ.

2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಸುತ್ತಮುತ್ತ ಬೆಟ್ಟಗಳು ಜರಿದದ್ದು, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ಮುಚ್ಚಿಹೋದದ್ದು ನಿಮಗೆಲ್ಲ ನೆನಪಿದೆ. ನಮ್ಮ ಅಜ್ಜಿ ಉಟ್ಟ ಸೀರೆಯಲ್ಲಿಯೇ ನೆರೆಮನೆಯವರ ಕೈ ಹಿಡಿದುಕೊಂಡು ತೋಟದೊಳಗಿಂದ ನಡೆದು, ಎರಡು ವಾರ ಪರಿಹಾರ ಕೇಂದ್ರದಲ್ಲಿದ್ದರು. ಆಗ ನನಗೆ ಹದಿನಾರು. ಮನೆಯಲ್ಲಿ ನನಗೆ ಹೇಳಿದ್ದು ಇಷ್ಟೇ: ಮಳೆ ಜೋರಾಗಿದೆ, ಕರೆಂಟಿಲ್ಲ, ಆದ್ದರಿಂದ ಅಜ್ಜಿಗೆ ಫೋನ್ ಸಿಗುತ್ತಿಲ್ಲ, ನೀನು ಪರೀಕ್ಷೆಗೆ ಓದು. ಅಪ್ಪ ರಾತ್ರಿ ಊಟ ಮಾಡದೆ ಹೊರಗೆ ಹೋಗಿ ಬರುತ್ತಿದ್ದರು, ಅವ್ವ ಬಚ್ಚಲಿನ ಬಾಗಿಲು ಹಾಕಿಕೊಂಡು ಮಾತನಾಡುತ್ತಿದ್ದರು. ಎರಡಂತಸ್ತಿನ ಮನೆಯೊಂದು ಮಣ್ಣಿನ ಜೊತೆಗೇ ಜಾರಿ ಕೆಳಗೆ ಹೋಗುವ ದೃಶ್ಯವನ್ನು ನಾನು ಶಾಲೆಗೆ ಹೋಗುವ ರೈಲಿನಲ್ಲಿ ಫೋನಿನಲ್ಲಿ ನೋಡಿದೆ, ಕೆಳಗೆ ಮಡಿಕೇರಿ ಎಂದು ಬರೆದಿತ್ತು. ಆ ಸಂಜೆ ನಾನು ಏನನ್ನೂ ಕೇಳಲಿಲ್ಲ. ಕೇಳಬಾರದ ವಿಷಯ ಇದು ಎಂದು ಅಷ್ಟರಲ್ಲಿ ನನಗೆ ಅರ್ಥವಾಗಿತ್ತು. ಮಗಳ ಮನಸ್ಸಿಗೆ ನೋವಾಗಬಾರದೆಂಬ ಪ್ರೀತಿಯಿಂದಲೇ ಅವರು ಹಾಗೆ ಮಾಡಿದರೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೂ ನನ್ನ ಅಜ್ಜಿಯ ಬದುಕಿನ ಅತ್ಯಂತ ಕೆಟ್ಟ ದಿನಗಳಲ್ಲಿ ನಾನು ಅವರಿಗೆ ಹೊರಗಿನವಳಾಗಿದ್ದೆ, ಮತ್ತು ನನ್ನನ್ನು ಹೊರಗಿಟ್ಟದ್ದು ದೂರವಲ್ಲ.

ರಾಜಕೀಯದ ವಿಷಯದಲ್ಲಿಯೂ ನಮ್ಮ ಮನೆಗಳಲ್ಲಿ ಇದೇ ರೀತಿ ಇದೆ. ದೊಡ್ಡವರು ಅದನ್ನು ದಿನವಿಡೀ ಚರ್ಚಿಸುತ್ತೀರಿ, ಮಕ್ಕಳು ಬಾಯಿ ಹಾಕಿದರೆ ‘ಓದಿನ ಕಡೆ ಗಮನ ಕೊಡು’ ಎನ್ನುತ್ತೀರಿ. ಆದರೆ ನಾವು ಬೆಳೆದ ದೇಶದಲ್ಲಿ ಹದಿನೆಂಟು ತುಂಬಿದ ಪ್ರತಿಯೊಬ್ಬ ಪ್ರಜೆಯೂ ಮತ ಹಾಕಲೇಬೇಕು, ತಕ್ಕ ಕಾರಣವಿಲ್ಲದೆ ತಪ್ಪಿಸಿದರೆ ದಂಡ ಕಟ್ಟಬೇಕು. 2022ರ ಮೇ 21ರಂದು ನಾನು ಮೊದಲ ಬಾರಿ ಮತ ಹಾಕಿದೆ. ಒಬ್ಬರ ಹೆಸರಿನ ಮುಂದೆ ಗುರುತು ಹಾಕಿ ಬರುವಂತಿಲ್ಲ, ಸಂಸತ್ತಿನ ಕೆಳಮನೆಯ ಮತಪತ್ರದಲ್ಲಿ ಎಲ್ಲ ಅಭ್ಯರ್ಥಿಗಳಿಗೂ 1, 2, 3 ಎಂದು ಕ್ರಮ ಬರೆಯಬೇಕು. ಹಾಗಾಗಿ ಯಾರು ಬೇಕು ಎನ್ನುವುದರ ಜೊತೆಗೆ, ಅವರು ಗೆಲ್ಲದಿದ್ದರೆ ಯಾರಾಗಬಹುದು ಎಂದೂ ಯೋಚಿಸಬೇಕಾಗುತ್ತದೆ. ಈ ಪದ್ಧತಿ ನನಗೆ ಇಷ್ಟವಾಯಿತು, ಕಡ್ಡಾಯ ಮತದಾನವೂ ಸರಿಯೆಂದೇ ನನ್ನ ಅಭಿಪ್ರಾಯ. ಅಂದು ರಾತ್ರಿ ನಾನು ಮತ ಹಾಕಿದ್ದು ಯಾರಿಗೆಂದು ಅಪ್ಪ ಕೇಳಿದರು. ಹೇಳಿದೆ. ಎರಡು ದಿನ ನಮ್ಮಿಬ್ಬರ ನಡುವೆ ಮಾತಿರಲಿಲ್ಲ.

2023ರ ಅಕ್ಟೋಬರ್ 14ರ ಜನಮತಗಣನೆಯ ಹೊತ್ತಿಗೆ ಮಾತ್ರ ನಾವು ಸರಿಯಾಗಿ ವಾದ ಮಾಡಿದೆವು. ಮೂಲನಿವಾಸಿಗಳ ಅಭಿಪ್ರಾಯವನ್ನು ಸಂಸತ್ತಿಗೆ ತಿಳಿಸುವ ಮಂಡಳಿಗೆ ಸಂವಿಧಾನದಲ್ಲಿ ಸ್ಥಾನ ಕೊಡಬೇಕೇ ಎಂಬುದು ಪ್ರಶ್ನೆ. ನಾನು ಹೌದು ಎಂದೆ, ಅಪ್ಪ ಬೇಡವೆಂದರು. ಹುಟ್ಟಿನ ಆಧಾರದ ಮೇಲೆ ಪ್ರಜೆಗಳಲ್ಲಿ ಭೇದ ಮಾಡಬಾರದು ಎಂಬ ಅವರ ಮಾತಿನಲ್ಲಿ ಪ್ರಾಮಾಣಿಕತೆ ಇತ್ತು. ದೇಶದಲ್ಲಿ ನೂರಕ್ಕೆ ಸುಮಾರು 60 ಜನ ಬೇಡವೆಂದೇ ಹೇಳಿದರು. ಆದರೆ ಆ ವಾದದ ನಡುವೆ ನನಗೊಂದು ಪ್ರಶ್ನೆ ಹುಟ್ಟಿತು. ನಮ್ಮ ಶಾಲೆಯಲ್ಲಿ ಪ್ರತಿ ಸಭೆಯೂ ಈ ನೆಲದ ಮೊದಲ ಒಡೆಯರಾದ ವುರುಂಡ್ಜೆರಿ ಜನರನ್ನು ನೆನೆದೇ ಆರಂಭವಾಗುತ್ತಿತ್ತು. ನಮ್ಮ ತೋಟದಲ್ಲಿ ಎರಡು ತಲೆಮಾರು ದುಡಿದ ಎರವ ಬುಡಕಟ್ಟಿನ ಕುಟುಂಬದ ಹಿರಿಯಳ ಹೆಸರು ನನಗೆ ಗೊತ್ತಿರಲಿಲ್ಲ. ಅಪ್ಪನಿಗೆ ಗೊತ್ತಿತ್ತು, ಅವರನ್ನು ಎತ್ತಿ ಆಡಿಸಿದವಳು ಅವಳೇ. ಅವಳು ಸಾಯುವವರೆಗೂ ತೋಟದ ಕೂಲಿಯವರ ಸಾಲುಮನೆಯಾದ ಲೈನ್ ಮನೆಯಲ್ಲಿಯೇ ಇದ್ದಳು, ಅವಳ ಹೆಸರಿನಲ್ಲಿ ಒಂದು ಸೆಂಟ್ ಜಾಗವೂ ಇರಲಿಲ್ಲ ಎಂಬುದನ್ನು ಅಪ್ಪ ಅಂದು ಮೊದಲ ಸಲ ಹೇಳಿದರು. ಹೇಳಿ ಬಹಳ ಹೊತ್ತು ಸುಮ್ಮನಿದ್ದರು.

ಲೈನ್ ಮನೆ ಬಿಟ್ಟು ಬಂದ ಕುಟುಂಬಗಳು ಕೊಡಗಿನ ದಿಡ್ಡಳ್ಳಿಯಲ್ಲಿ ಕಟ್ಟಿಕೊಂಡಿದ್ದ ಗುಡಿಸಲುಗಳನ್ನು 2016ರ ಡಿಸೆಂಬರಿನಲ್ಲಿ ಕೆಡವಿದ್ದನ್ನೂ, ಹೋರಾಟದ ನಂತರ ಅವರಲ್ಲಿ ಅನೇಕರಿಗೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟದ್ದನ್ನೂ ನಾನು ಇಲ್ಲಿಗೆ ಬಂದ ಮೇಲೆ ತಿಳಿದುಕೊಂಡೆ. ಅದು ನಾವು ಮೆಲ್ಬರ್ನಿಗೆ ಹೋದ ವರ್ಷ. ಈಗ ಆ ಲೈನ್ ಮನೆಗಳಲ್ಲಿ ಅಸ್ಸಾಮಿನಿಂದ ಬಂದವರಿದ್ದಾರೆ. ಅವರು ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದು, ರಾತ್ರಿ ಫೋನಿನಲ್ಲಿ ಪಾಠ ಕೇಳಿ ಒಪ್ಪಿಸಿಕೊಳ್ಳುವುದನ್ನು ನೋಡುವಾಗ, ಬೇರೆ ನಾಡಿನಲ್ಲಿ ನೆಲೆಸುವ ಕಷ್ಟವನ್ನು ಕುರಿತು ನಮ್ಮ ಗುಂಪಿನಲ್ಲಿ ಆಡುವ ಮಾತುಗಳು ನೆನಪಾಗುತ್ತವೆ. ಅವರ ಕಷ್ಟವೂ ನಮ್ಮದೂ ಒಂದೇ ಜಾತಿಯದು, ಅಳತೆ ಮಾತ್ರ ಬೇರೆ.

ಇಲ್ಲಿಗೆ ಬಂದು ಎರಡು ಗ್ರಾಮಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದೇನೆ. ಮಾತನಾಡುವ ಹಕ್ಕು ನನಗಿಲ್ಲ, ಏಕೆಂದರೆ ನಾನೀಗ ಭಾರತದ ಪ್ರಜೆಯಲ್ಲ. ಆನೆ ತೋಟಕ್ಕೆ ಇಳಿಯುವುದು, ಬರೆ (ಮಣ್ಣಿನ ದಿಬ್ಬ) ಕುಸಿಯುವ ಜಾಗದಲ್ಲಿ ತಡೆಗೋಡೆ, ವಾರದ ಕೊನೆಯಲ್ಲಿ ಹೋಂಸ್ಟೇಗೆ ಬರುವವರು ತೋಡಿಗೆ (ಸಣ್ಣ ಹೊಳೆಗೆ) ಎಸೆಯುವ ಕಸ, ಆಸ್ಪತ್ರೆ: ಇವು ಸಭೆಯ ವಿಷಯಗಳು. ಇವುಗಳಲ್ಲಿ ಯಾವುದೂ ಪಕ್ಷದ ಬಣ್ಣ ನೋಡಿ ಬರುವುದಲ್ಲ. ಆಸ್ಪತ್ರೆಯ ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದ್ದರೂ, ರೋಗ ಕೈಮೀರಿದರೆ ಇಂದಿಗೂ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿಗೋ ಘಟ್ಟ ಇಳಿದು ಮಂಗಳೂರಿಗೋ ಓಡಬೇಕು. ತುರ್ತು ಚಿಕಿತ್ಸೆಯ ಒಳ್ಳೆಯ ಆಸ್ಪತ್ರೆ ಬೇಕೆಂದು 2019ರಲ್ಲಿ ಕೊಡಗಿನ ಯುವಕ ಯುವತಿಯರು ಜಾಲತಾಣಗಳಲ್ಲಿ ದೊಡ್ಡ ಅಭಿಯಾನವನ್ನೇ ನಡೆಸಿದ್ದರು. ನನ್ನ ವಯಸ್ಸಿನವರ ರಾಜಕೀಯ ಎಂದರೆ ನನಗೆ ಮೊದಲು ನೆನಪಾಗುವುದು ಅದು. ನಿಮ್ಮಲ್ಲಿ ಭಾರತದ ಪಾಸ್‌ಪೋರ್ಟನ್ನು ಇನ್ನೂ ಉಳಿಸಿಕೊಂಡವರಿಗೆ ಒಂದು ಮಾತು ನೆನಪಿಸುತ್ತೇನೆ. ನಮೂನೆ 6ಎ ತುಂಬಿ ನೀವು ಊರಿನ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಿಕೊಳ್ಳಬಹುದು, ಮತ ಹಾಕಲು ಮಾತ್ರ ಮತಗಟ್ಟೆಗೆ ಖುದ್ದಾಗಿ ಬರಬೇಕು. ಪೌರತ್ವ ಬದಲಿಸುವ ಮೊದಲು ಈ ಹಕ್ಕನ್ನು ಬಿಡುತ್ತಿದ್ದೇವೆಂದು ನಮ್ಮ ಮನೆಯಲ್ಲಿ ಒಂದು ದಿನ ಕುಳಿತು ಮಾತನಾಡಿದ್ದರೆ ನಾನು ಅದೇ ಅರ್ಜಿಗೆ ಸಹಿ ಹಾಕುತ್ತಿದ್ದೆನೋ ಏನೋ, ಆದರೆ ತಿಳಿದು ಹಾಕುತ್ತಿದ್ದೆ.

ತೋಟದ ವಿಷಯದಲ್ಲಿ ಈ ತಿಳಿವಳಿಕೆ ಇನ್ನೂ ಮುಖ್ಯ. ಕಳೆದ ಸಲ ಹೂಮಳೆ ಬಿದ್ದ ಮರುವಾರ, ಕಾಫಿ ಹೂವಿನಿಂದ ತೋಟವಿಡೀ ಬೆಳ್ಳಗಾಗಿದ್ದಾಗ, ಜಗಲಿಯಲ್ಲಿ ಕುಳಿತಿದ್ದ ಅಜ್ಜಿ ಕೇಳಿದರು: ‘ನಾನು ಹೋದ ಮೇಲೆ ಇದನ್ನು ಮಾರುತ್ತೀಯಾ ಮಗಾ?’ ನನ್ನ ಬಳಿ ಉತ್ತರವಿರಲಿಲ್ಲ. ಉತ್ತರ ಹುಡುಕಲು ಬೇಕಾದ ಸಂಗತಿಗಳೇ ಗೊತ್ತಿರಲಿಲ್ಲ. ವಿದೇಶಿ ಪೌರತ್ವ ಪಡೆದು ಸಾಗರೋತ್ತರ ನಾಗರಿಕರ ಕಾರ್ಡ್ ಹೊಂದಿರುವವರು ಭಾರತದಲ್ಲಿ ಮನೆ, ನಿವೇಶನ ಕೊಳ್ಳಬಹುದು. ಆದರೆ ಕೃಷಿಭೂಮಿಯನ್ನಾಗಲಿ ಕಾಫಿ ತೋಟವನ್ನಾಗಲಿ ಹಣ ಕೊಟ್ಟು ಕೊಳ್ಳುವಂತಿಲ್ಲ. ಭಾರತದ ಪ್ರಜೆಯಾಗಿದ್ದು ಹೊರದೇಶದಲ್ಲಿ ನೆಲೆಸಿದವರಿಗೂ ಇದೇ ನಿಯಮ. ಉತ್ತರಾಧಿಕಾರವಾಗಿ ಬಂದರೆ ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲಿ ನೆಲೆಸಿದವರಿಗೇ ಮಾರಬೇಕು. ಎಂದರೆ ಈ ನಾಲ್ಕು ಎಕರೆ ಒಮ್ಮೆ ನನ್ನ ಕೈ ಬಿಟ್ಟರೆ, ನಾನು ಆಸ್ಟ್ರೇಲಿಯಾದ ಪ್ರಜೆಯಾಗಿರುವವರೆಗೆ ಎಷ್ಟು ದುಡಿದರೂ ಅದನ್ನು ಮರಳಿ ಕೊಳ್ಳಲಾರೆ. ಇಷ್ಟು ದೊಡ್ಡ ಸಂಗತಿಯನ್ನು ನನಗೆ ಹೇಳಿದ್ದು ಮಡಿಕೇರಿಯ ಒಬ್ಬ ವಕೀಲರು. ಪಹಣಿ ತೆಗೆಸಿ ನೋಡಿದರೆ ಅದರಲ್ಲಿ ಎಂದೋ ತೀರಿಹೋದ ಪಟ್ಟೇದಾರರ (ಕುಟುಂಬದ ಪರವಾಗಿ ದಾಖಲೆಯಲ್ಲಿದ್ದ ಹಿರಿಯರ) ಹೆಸರೇ ಇತ್ತು. ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರುವ ಕೊಡಗಿನ ಜಮ್ಮಾ ಹಿಡುವಳಿಗಳಲ್ಲಿ ಇದು ಹೊಸದಲ್ಲ, ಆದರೆ ಪಾಲುದಾರರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ದುಬೈಯಲ್ಲಿ, ಒಬ್ಬರು ಮೆಲ್ಬರ್ನಿನಲ್ಲಿ ಇರುವಾಗ ಅದನ್ನು ಸರಿಪಡಿಸುವುದು ಎಂಥ ಕೆಲಸವೆಂದು ಈಗ ಗೊತ್ತಾಗುತ್ತಿದೆ. ಅಜ್ಜಿಗೆ ಎಲ್ಲ ಪಾಲುಗಳ ಗಡಿಯೂ ಬಾಯಲ್ಲಿದೆ. ಈ ಅತ್ತಿಮರದಿಂದ ಆ ತೋಡಿನವರೆಗೆ ಎಂದು ಅವರು ಕೈ ತೋರಿಸಿ ಹೇಳುವುದನ್ನು ನಾನು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೇನೆ. ಮಕ್ಕಳ ಹತ್ತಿರ ಆಸ್ತಿಯ ಮಾತು ಆಡಬಾರದು, ಆಸೆ ಹುಟ್ಟುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಆಸೆಯ ಬದಲಿಗೆ ನನ್ನಲ್ಲಿ ಹೊಣೆ ಹುಟ್ಟಿತು, ಅದೂ ತಡವಾಗಿ.

ಮದುವೆಯ ಬಗ್ಗೆ ಅನೇಕರು ಕೇಳುತ್ತೀರಿ. ಅದು ನಾನೂ ನನ್ನ ಮನೆಯವರೂ ಕುಳಿತು ಮಾತನಾಡಬೇಕಾದ ವಿಷಯವೆಂದಷ್ಟೇ ವಿನಯದಿಂದ ಹೇಳುತ್ತೇನೆ.

ದಿನದಿನದ ಬದುಕು ಇಲ್ಲಿ ಸುಲಭವೆಂದು ತಿಳಿಯಬೇಡಿ. ಮಳೆಗಾಲದಲ್ಲಿ ಮೂರು ನಾಲ್ಕು ದಿನ ಕರೆಂಟಿರುವುದಿಲ್ಲ, ಕೊನೆಯ ಬಸ್ಸು ತಪ್ಪಿದರೆ ಆಟೋಕ್ಕೆ ಕೇಳಿದಷ್ಟು ಕೊಡಬೇಕು, ಒಣಗದ ಬಟ್ಟೆಯ ವಾಸನೆಗೆ ಮನೆಯವರೆಲ್ಲ ಹೊಂದಿಕೊಂಡಿರುತ್ತಾರೆ. ಆದರೆ ಮಳೆಗಾಲದ ಆಟಿ ತಿಂಗಳ 18ನೇ ದಿನ ಅಜ್ಜಿಯ ಜೊತೆ ಹೋಗಿ ಮದ್ದುಸೊಪ್ಪು ಕೊಯ್ದು ತಂದು, ಅದರ ನೇರಳೆ ಬಣ್ಣದ ರಸದಲ್ಲಿ ಪಾಯಸ ಕಾಯಿಸಿದಾಗ ನನಗೆ ಆ ಗಿಡದ ಗುರುತು ಸಿಕ್ಕಿತು. ಕಣಿಲೆಯನ್ನು (ಎಳೆ ಬಿದಿರನ್ನು) ಎಷ್ಟು ದಿನ ನೀರಿನಲ್ಲಿಡಬೇಕು, ಯಾವ ಅಣಬೆಯನ್ನು ಮುಟ್ಟಬಾರದು ಎಂಬುದೂ ಹಾಗೆಯೇ. ತರಗತಿಯಲ್ಲಿ ಇವುಗಳ ಹೆಸರು ಕಲಿತಿದ್ದೆ. ಮಕ್ಕಳನ್ನು ಊರಿಗೆ ಕರೆತರುವಾಗ ಡಿಸೆಂಬರಿನ ರಜೆಯಲ್ಲಿ ಮಾತ್ರವಲ್ಲದೆ ಒಮ್ಮೆಯಾದರೂ ಜುಲೈ ತಿಂಗಳಲ್ಲಿ ಕರೆತನ್ನಿ, ಜಿಗಣೆ ಕಚ್ಚಿದರೆ ಕಚ್ಚಲಿ. ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ನೋಡಿಕೊಂಡು ಹಿಂತಿರುಗಿದರೆ ಅವರು ಪ್ರವಾಸಿಗರಾಗಿಯೇ ಉಳಿಯುತ್ತಾರೆ.

ಹತ್ತು ವರ್ಷದ ಮಗುವಿಗೆ ಇದನ್ನೆಲ್ಲ ಹೇಳುವುದು ಹೇಗೆ ಎಂದು ಇಬ್ಬರು ತಾಯಂದಿರು ನನಗೆ ಬೇರೆಯಾಗಿ ಬರೆದು ಕೇಳಿದ್ದಾರೆ. ಎಲ್ಲವನ್ನೂ ಹೇಳಬೇಕಿಲ್ಲ. ಅಜ್ಜಿಯ ಮನೆಯ ಹಿಂದಿನ ಬರೆ ಜಾರಿದೆ, ಅಜ್ಜಿ ಬೇರೆ ಕಡೆ ಇದ್ದಾರೆ, ನಮಗೂ ಹೆದರಿಕೆಯಾಗಿದೆ ಎಂಬಷ್ಟನ್ನು ಯಾವ ಮಗುವಾದರೂ ತಡೆದುಕೊಳ್ಳುತ್ತದೆ. ಬಾಗಿಲು ಮುಚ್ಚಿದ ಬಚ್ಚಲಿನಿಂದ ಬರುವ ಪಿಸುಮಾತನ್ನು ತಡೆದುಕೊಳ್ಳುವುದು ಅದಕ್ಕಿಂತ ಕಷ್ಟ.

ಹೋದ ವಾರ ನಾನು ಅಪ್ಪನಿಗೆ ಫೋನ್ ಮಾಡಿ 2018ರ ಆ ದಿನಗಳ ಬಗ್ಗೆ ನೇರವಾಗಿ ಕೇಳಿದೆ. ಅಜ್ಜಿಯ ನಂಬರಿಗೆ ರಾತ್ರಿಯಿಡೀ ಫೋನ್ ಮಾಡುತ್ತಾ ಅವರು ಮನೆಯ ಎದುರಿನ ಬೀದಿಯಲ್ಲಿ ನಿಂತಿರುತ್ತಿದ್ದರಂತೆ. ಒಳಗೆ ಬಂದರೆ ನಾನು ಮುಖ ನೋಡಿ ಗುರುತು ಹಿಡಿಯುತ್ತೇನೆಂದು ಹೆದರಿಕೆಯಂತೆ. ಆಮೇಲೆ ಅವರು ನಮ್ಮ ದಾರಿಯ ತಡೆಗೋಡೆಯ ಕಥೆ ಏನಾಯಿತೆಂದು ಕೇಳಿದರು. ಮುಂದಿನ ಗ್ರಾಮಸಭೆಯಲ್ಲಿ ಅಜ್ಜಿಯೇ ಎದ್ದು ಕೇಳಲಿದ್ದಾರೆಂದು ಹೇಳಿದೆ. ಸಭೆ ಬೆಳಿಗ್ಗೆ ಹನ್ನೊಂದಕ್ಕೆ, ಮೆಲ್ಬರ್ನಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅಂದು ರಜೆ ಹಾಕುತ್ತೇನೆ, ಫೋನನ್ನು ಚಾಲೂ ಇಟ್ಟಿರು, ನಾನೂ ಅವ್ವನೂ ಕೇಳಿಸಿಕೊಳ್ಳುತ್ತೇವೆ ಎಂದು ಅಪ್ಪ ಹೇಳಿದ್ದಾರೆ.