ಮಳೆಗಾಲದಲ್ಲಿ ಅಂಗಳಕ್ಕೆ ಉಕ್ಕುವ ಸೆಪ್ಟಿಕ್: ಹೊಸ ಗುಂಡಿ ತೋಡಿಸಬೇಕೇ?

ಹಿತ್ತಲಗದ್ದೆ (ಕುಮಟಾ)

ನಮಸ್ಕಾರ. ಗದ್ದೆಗೆ ಮಣ್ಣು ತುಂಬಿಸಿ ಕಟ್ಟಿದ ಮನೆ, ಆರು ಜನ. ಎರಡು ಖಾನೆಯ ಸೆಪ್ಟಿಕ್ ಟ್ಯಾಂಕ್. ಒಳ ಅಳತೆ ಉದ್ದ 2 ಮೀಟರ್, ಅಗಲ 0.9, ನೀರು ನಿಲ್ಲುವ ಆಳ 1.4. ಅದರಾಚೆ ಎಂಟಡಿ ಆಳದ ಸಿಮೆಂಟ್ ರಿಂಗಿನ ಇಂಗುಗುಂಡಿ. ಬಚ್ಚಲು, ವಾಷಿಂಗ್ ಮಷಿನ್ ನೀರೂ ಅದಕ್ಕೇ ಹೋಗುತ್ತದೆ. ಆಷಾಢ ಬಂತೆಂದರೆ ಗುಂಡಿಯ ಸುತ್ತ ಕಪ್ಪು ನೀರು ಒಸರುತ್ತದೆ. ದಾಸವಾಳ, ಅಡಿಕೆ ಸಸಿಗಳ ಬುಡ ಕೊಳೆತಿವೆ, ಮಕ್ಕಳನ್ನು ಅಂಗಳಕ್ಕೆ ಬಿಡುವ ಹಾಗಿಲ್ಲ. ಗಾಡಿ ತರಿಸಿ ಖಾಲಿ ಮಾಡಿಸಿದರೆ ನಾಲ್ಕೇ ದಿನಕ್ಕೆ ಟ್ಯಾಂಕ್ ಮತ್ತೆ ತುಂಬುತ್ತದೆ. ಹನ್ನೆರಡಡಿಯ ಹೊಸ ಗುಂಡಿ ತೋಡೋಣ ಅಂತಾರೆ ಗೌಂಡಿ. ಬಾವಿ 35 ಅಡಿ ದೂರದಲ್ಲಿದೆ. ಏನು ಮಾಡಲಿ?

ಪೈಪ್‌ಲೈನ್_ಕಾರವಾರ

ಹನ್ನೆರಡಡಿ ಗುಂಡಿಗೆ ದಯವಿಟ್ಟು ಒಪ್ಪಬೇಡಿ.

ಮೊದಲು ನಾಲ್ಕು ದಿನದ ಲೆಕ್ಕ ನೋಡಿ. ನಿಮ್ಮ ಟ್ಯಾಂಕ್ ಹಿಡಿಯುವುದು ಸುಮಾರು 2,500 ಲೀಟರ್. ಆರು ಜನ ತಲೆಗೆ 100 ಲೀಟರ್ ಬಳಸಿದರೆ ದಿನಕ್ಕೆ 600. ನಾಲ್ಕು ದಿನಕ್ಕೆ ತುಂಬಲೇಬೇಕು! ಸೆಪ್ಟಿಕ್ ಟ್ಯಾಂಕ್ ಯಾವಾಗಲೂ ತುಂಬಿಯೇ ಇರುವಂಥದ್ದು. ಗಟ್ಟಿ ತಳಕ್ಕಿಳಿದು, ಜಿಡ್ಡು ಮೇಲೆ ತೇಲಿ, ನಡುವಿನ ನೀರು ಹೊರಗೆ ಹೋಗಬೇಕು. ಆ ನೀರಿಗೆ ಈಗ ಹೋಗಲು ಜಾಗವಿಲ್ಲ, ತೊಂದರೆ ಅಲ್ಲಿದೆ.

ಜುಲೈಯಲ್ಲಿ ಬಾವಿಯ ನೀರು ನೆಲಮಟ್ಟದಿಂದ ಎಷ್ಟು ಕೆಳಗಿದೆ ಎಂದು ಹಗ್ಗ ಇಳಿಸಿ ಅಳೆಯಿರಿ. ಮೂರಡಿ ಇದ್ದರೆ, ಎಂಟಡಿ ಗುಂಡಿಯ ಐದಡಿ ಅಂತರ್ಜಲದಲ್ಲೇ ಮುಳುಗಿದೆ ಎಂದರ್ಥ. ಹನ್ನೆರಡಡಿ ತೋಡಿದರೆ ಒಂಬತ್ತಡಿ ಮುಳುಗುತ್ತದೆ, ಅಷ್ಟೇ. ಇಂಗುವುದು ಹೆಚ್ಚುವುದಿಲ್ಲ, ಹೊಲಸು ಬಾವಿಯ ಒರತೆಗೆ ಇನ್ನಷ್ಟು ಹತ್ತಿರವಾಗುತ್ತದೆ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470ರ ಪ್ರಕಾರ ಕುಡಿಯುವ ನೀರಿನ ಬಾವಿಗೂ ಇಂಗುವ ಜಾಗಕ್ಕೂ 18 ಮೀಟರ್, ಅಂದರೆ ಅರವತ್ತಡಿ ಅಂತರ ಬೇಕು. ನಿಮ್ಮದು ಈಗಲೇ ಕಡಿಮೆ.

ಎರಡನೇ ಖಾನೆಯಿಂದ ಹೊರಡುವ ಕಡೆ ಟಿ-ಪೈಪ್ ಇದೆಯೇ ನೋಡಿ. ಅದರ ಕೆಳತೋಳು ನೀರೊಳಗೆ ಒಂದೂವರೆ ಅಡಿ ಇಳಿದಿರಬೇಕು. ಅದಿಲ್ಲದಿದ್ದರೆ ತೇಲುವ ಜಿಡ್ಡು ನೇರ ಗುಂಡಿಗೆ ಹೋಗಿ ಮಣ್ಣಿನ ರಂಧ್ರಗಳನ್ನು ಮುಚ್ಚುತ್ತದೆ. ಹಾಗೆ ಕಟ್ಟಿಕೊಂಡ ಗುಂಡಿ ಬೇಸಿಗೆಯಲ್ಲೂ ಸರಿಯಾಗಿ ಎಳೆಯುವುದಿಲ್ಲ.

ಚಿರೇಕಲ್ಲು_ಶಿರಸಿ

ಮೇಲಿನವರು ಹೇಳಿದ್ದು ಸರಿ. ಪರಿಹಾರ ಮೇಲಕ್ಕೆ ಹೋಗುವುದರಲ್ಲಿದೆ, ಕೆಳಕ್ಕಲ್ಲ.

ಮೊದಲ ಕೆಲಸ, ಬಚ್ಚಲು ಮತ್ತು ವಾಷಿಂಗ್ ಮಷಿನ್ ನೀರನ್ನು ಬೇರ್ಪಡಿಸುವುದು. ಪಾಯಖಾನೆಯ ನೀರು ಮಾತ್ರ ಉಳಿದರೆ 600 ಲೀಟರ್ ಇದ್ದದ್ದು 200ರ ಆಸುಪಾಸಿಗೆ ಇಳಿಯುತ್ತದೆ. ಬಚ್ಚಲ ನೀರನ್ನು ಬಾವಿಯ ವಿರುದ್ಧ ದಿಕ್ಕಿಗೆ, ಬಾಳೆ ಮತ್ತು ಕೆಸುವಿನ ಪಾತಿಗೆ ಬಿಡಿ. ಅಡುಗೆಮನೆಯದ್ದಾದರೆ ನಡುವೆ ಒಂದು ಜಿಡ್ಡು ಹಿಡಿಯುವ ತೊಟ್ಟಿ ಇರಲಿ.

ಉಳಿದ 200 ಲೀಟರಿಗೆ ಎತ್ತರದ ಮರಳು ದಿಬ್ಬ ಮಾಡಿ. ಚದರ ಮೀಟರಿಗೆ ದಿನಕ್ಕೆ 20 ಲೀಟರ್ ಎಂದು ಹಿಡಿದರೆ 10 ಚದರ ಮೀಟರ್, ಅಂದರೆ 5 ಮೀಟರ್ ಉದ್ದ, 2 ಅಗಲ ಸಾಕು. ನೆಲದ ಹುಲ್ಲು ಕೆರೆದು ಮಣ್ಣು ಸಡಿಲಿಸಿ, ಎರಡಡಿ ದಪ್ಪ ತೊಳೆದ ದಪ್ಪಕಾಳಿನ ಮರಳು ಹಾಕಿ. ಸಮುದ್ರದ ನುಣುಪು ಮರಳು ಬೇಡ, ಬೇಗ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಒಂಬತ್ತು ಇಂಚು 20–40 ಮಿ.ಮೀ. ಜಲ್ಲಿ, ಅದರೊಳಗೆ ರಂಧ್ರ ಕೊರೆದ ಪಿವಿಸಿ ಪೈಪ್, ಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ (ನೀರು ಬಿಟ್ಟು ಮಣ್ಣು ತಡೆಯುವಂಥದ್ದು), ಕೊನೆಗೆ ಒಂದಡಿ ಮಣ್ಣು ಹಾಕಿ ಹುಲ್ಲು ಬೆಳೆಸಿ. ಬದಿಗಳು ಇಳಿಜಾರಾಗಿರಲಿ. ಮರ ನೆಡಬೇಡಿ, ಬೇರು ಪೈಪಿಗೆ ನುಗ್ಗುತ್ತದೆ.

ದಿಬ್ಬ ಎತ್ತರದಲ್ಲಿರುವುದರಿಂದ ಟ್ಯಾಂಕಿನಾಚೆ ನೀರು ಸೋರದ ಸಣ್ಣ ತೊಟ್ಟಿ, ಅದರಲ್ಲಿ ಫ್ಲೋಟ್ ಸ್ವಿಚ್ (ನೀರು ಏರಿದಾಗ ತಾನೇ ಪಂಪ್ ಚಾಲು ಮಾಡುವ ತೇಲುಗುಂಡಿ) ಇರುವ ಕೊಳಚೆನೀರಿನ ಪಂಪ್ ಬೇಕು. ನಮ್ಮ ಮಳೆಗಾಲದ ಕರೆಂಟ್ ಗೊತ್ತಲ್ಲ. ಫ್ಲೋಟ್ ಏಳುವ ಮಟ್ಟದ ಮೇಲೆ ಇನ್ನೂ 300 ಲೀಟರ್ ಹಿಡಿಯುವಷ್ಟು ಜಾಗ ಬಿಡಿ.

ಗದ್ದೆಗೆ ತುಂಬಿದ ಮಣ್ಣು ಶೇಡಿ (ಜೇಡಿ) ಮಣ್ಣಾಗಿದ್ದರೆ ಮೊದಲು ಇಂಗುವ ಪರೀಕ್ಷೆ ಮಾಡಿ. ಒಂದಡಿ ಅಗಲದ ಕುಳಿ ತೋಡಿ ಬದಿ ಕೆರೆದು, ತಳಕ್ಕೆ ಎರಡಿಂಚು ಜಲ್ಲಿ ಹಾಕಿ, ರಾತ್ರಿಯಿಡೀ ನೀರು ನಿಲ್ಲಿಸಿ. ಮರುದಿನ ಜಲ್ಲಿಯ ಮೇಲೆ ಆರಿಂಚು ನೀರು ತುಂಬಿ, ಒಂದಿಂಚು ಇಳಿಯಲು ಎಷ್ಟು ನಿಮಿಷವಾಯಿತು ನೋಡಿ. ಅರವತ್ತು ನಿಮಿಷ ಮೀರಿದರೆ ಆ ಮಣ್ಣಿನ ಮೇಲೆ 10 ಚದರ ಮೀಟರ್ ಸಾಲದು, ಎಂಜಿನಿಯರ್‌ಗೆ ತೋರಿಸಿ. ಇದನ್ನು ಸೆಪ್ಟೆಂಬರಿನಲ್ಲಿ ಮಾಡಿ. ಏಪ್ರಿಲಿನ ಬಿರುಕುಬಿಟ್ಟ ನೆಲ ಸುಳ್ಳು ಹೇಳುತ್ತದೆ.

ಹಿತ್ತಲಗದ್ದೆ (ಕುಮಟಾ)

ತುಂಬಾ ಉಪಕಾರವಾಯ್ತು. ರಸ್ತೆಕಡೆ ಬಾವಿಯಿಂದ 70 ಅಡಿ ಸಿಗುತ್ತದೆ. ಆದರೆ ಈ ಮಳೆಗಾಲ ಕಳೆಯುವುದು ಹೇಗೆ? ಬಾವಿ ನೀರು ಕುಡಿಯಬಹುದೇ?

ಪೈಪ್‌ಲೈನ್_ಕಾರವಾರ

ಸದ್ಯಕ್ಕೆ ಕುದಿಸದೆ ಕುಡಿಯಬೇಡಿ. ಪಂಚಾಯಿತಿಯಲ್ಲಿ ಜಲ ಜೀವನ್ ಮಿಷನ್ನಿನ ಪರೀಕ್ಷಾ ಕಿಟ್ ಕೇಳಿ. ಅದರ ಎಚ್‌2ಎಸ್ ಬಾಟಲಿಗೆ ಬಾವಿ ನೀರು ತುಂಬಿಟ್ಟಾಗ ಎರಡು ದಿನದೊಳಗೆ ಕಪ್ಪಾದರೆ ಮಲದ ಬ್ಯಾಕ್ಟೀರಿಯಾ ಸೇರಿರುವ ಸೂಚನೆ. ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ ಹಾಕುವುದುಂಟು, ಆದರೆ ಒಸರು ನಿಲ್ಲದೆ ಅದರ ಮೇಲೆ ಭರವಸೆ ಇಡಬೇಡಿ.

ಬಚ್ಚಲ ಪೈಪನ್ನು ಈ ವಾರವೇ ತಿರುಗಿಸಿ, ಅರ್ಧ ತೊಂದರೆ ಅಲ್ಲೇ ಇಳಿಯುತ್ತದೆ. ಸೂರಿನ ನೀರು ಗುಂಡಿಯ ಕಡೆ ಹರಿಯದಂತೆ ಗಟಾರ ಕಡಿಸಿ. ಮುಚ್ಚಳದ ಅಂಚು ನೆಲದಿಂದ ಆರಿಂಚು ಎತ್ತರಿಸಿ ಗಾರೆ ಮಾಡಿಸಿ. ಒಸರುವ ಜಾಗಕ್ಕೆ ಸುಣ್ಣ ಎರಚಿ ಬೇಲಿ ಹಾಕಿ.

ಮಳೆಗಾಲದಲ್ಲಿ ಪದೇಪದೇ ಖಾಲಿ ಮಾಡಿಸಬೇಡಿ. ಸುತ್ತಲ ಅಂತರ್ಜಲದ ಒತ್ತಡಕ್ಕೆ ಖಾಲಿ ಟ್ಯಾಂಕ್ ಬಿರುಕು ಬಿಡಬಹುದು, ಪ್ಲಾಸ್ಟಿಕ್ಕಿನದ್ದಾದರೆ ಮೇಲಕ್ಕೇ ತೇಲಿ ಬರುತ್ತದೆ. ಬಿದಿರುಗಳಕ್ಕೆ ಬಿಳಿ ಬಟ್ಟೆ ಸುತ್ತಿ ತಳದವರೆಗೆ ಇಳಿಸಿ ಮೇಲೆತ್ತಿ. ಕಪ್ಪು ಕೆಸರು ಮತ್ತು ಮೇಲಿನ ಜಿಡ್ಡು ಸೇರಿ ಅರ್ಧ ಆಳ ಮುಟ್ಟಿದ್ದರೆ ಜನವರಿಯ ನಂತರ ಗಾಡಿ ಕರೆಸಿ. ಯಾರನ್ನೂ ಒಳಗೆ ಇಳಿಸಬೇಡಿ, ಒಂದು ಕ್ಷಣಕ್ಕೂ. ಒಳಗಿನ ಗಾಳಿಗೆ ಇಳಿದವರೂ ಎತ್ತಲು ಹೋದವರೂ ಸಾಯುತ್ತಾರೆ. ರಕ್ಷಣಾ ಸಲಕರಣೆ ಇಲ್ಲದೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.