ಐರ್ಲೆಂಡ್‌ನಲ್ಲಿ ಚರ್ಚ್ ಖಾಲಿ, ಕಮ್ಯೂನಿಯನ್ ಮಾತ್ರ ಜೋರು: ಇಲ್ಲಿನ ಜನ ನಿಜಕ್ಕೂ ಧರ್ಮ ಬಿಟ್ಟರಾ?

ಕಾರ್ಕ್ ಕನ್ನಡತಿ:

ಎಲ್ಲರಿಗೂ ನಮಸ್ಕಾರ. ನಾವು ಹುಬ್ಬಳ್ಳಿ ಕಡೆಯವರು, ಈಗ ಕಾರ್ಕ್‌ನಲ್ಲಿ ಇದ್ದೇವೆ. ಮಗಳು ಸೆಕೆಂಡ್ ಕ್ಲಾಸ್. ಮನೆ ಹತ್ತಿರ ಇದ್ದದ್ದು ಕ್ಯಾಥೊಲಿಕ್ ಶಾಲೆ ಒಂದೇ, ಅಲ್ಲಿಗೇ ಸೇರಿಸಿದೆವು. ಈ ವರ್ಷ ಇಡೀ ಕ್ಲಾಸು ಫಸ್ಟ್ ಹೋಲಿ ಕಮ್ಯೂನಿಯನ್ (ಮಗು ಚರ್ಚಿನಲ್ಲಿ ಮೊದಲ ಸಲ ಪವಿತ್ರ ರೊಟ್ಟಿ ತೆಗೆದುಕೊಳ್ಳುವ ವಿಧಿ) ತಯಾರಿಯಲ್ಲಿ ಮುಳುಗಿದೆ. ಪ್ರಾರ್ಥನೆ ಬಾಯಿಪಾಠ ಮಾಡೋದು, ಹಾಡು ಕಲಿಯೋದು, ಚರ್ಚಿಗೆ ಹೋಗಿ ರಿಹರ್ಸಲ್ ಮಾಡೋದು. ಆ ಹೊತ್ತಿನಲ್ಲಿ ನನ್ನ ಮಗಳು ಹಿಂದೆ ಕೂತು ಚಿತ್ರಕ್ಕೆ ಬಣ್ಣ ತುಂಬುತ್ತಾಳೆ.

ನನಗೆ ಅರ್ಥವಾಗದೇ ಇರೋದು ಬೇರೆ. ನಮ್ಮ ಪಕ್ಕದ ಮನೆಯವರು ಭಾನುವಾರ ಚರ್ಚಿಗೆ ಹೋದದ್ದನ್ನು ನಾನು ನೋಡೇ ಇಲ್ಲ. ಬಿಷಪ್‌ಗಳ ಮಾತು ಬಂದರೆ ಆಕೆಗೆ ಸಿಟ್ಟು ನೆತ್ತಿಗೇರುತ್ತದೆ. ಆದರೂ ಮಗನಿಗೆ ಹೊಸ ಸೂಟು ಬಂದಿದೆ, ಹಿತ್ತಲಿಗೆ ಬೌನ್ಸಿ ಕ್ಯಾಸಲ್ ಬುಕ್ ಆಗಿದೆ, ನೆಂಟರಿಗೆಲ್ಲ ಊಟಕ್ಕೆ ಹೇಳಿ ಆಗಿದೆ. ಬಂದವರು ಕಾರ್ಡಿನೊಳಗೆ ಯೂರೋ ನೋಟು ಇಟ್ಟು ಮಗುವಿನ ಕೈಗೆ ಕೊಡೋದು ಇಲ್ಲಿನ ರೂಢಿ.

1970ರ ದಶಕದ ಶುರುವಿನಲ್ಲಿ ಹತ್ತರಲ್ಲಿ ಒಂಬತ್ತು ಕ್ಯಾಥೊಲಿಕರು ವಾರ ವಾರವೂ ಪೂಜೆಗೆ ಹೋಗುತ್ತಿದ್ದ ದೇಶ ಇದು. ಜನಗಣತಿಯಲ್ಲಿ ಕ್ಯಾಥೊಲಿಕ್ ಅಂತ ಬರೆಸಿದವರು 2011ರಲ್ಲಿ ನೂರಕ್ಕೆ 84, 2022ರಲ್ಲಿ 69. ಇಷ್ಟು ಬೇಗ ಹೇಗೆ ಬದಲಾಯಿತು? ಜನ ದೇವರನ್ನೇ ಬಿಟ್ಟರಾ, ಚರ್ಚನ್ನು ಮಾತ್ರ ಬಿಟ್ಟರಾ? ಇಲ್ಲಿ ತುಂಬಾ ವರ್ಷದಿಂದ ಇರುವವರು ಹೇಳಿ.

ಲಿಫಿ ದಂಡೆ:

ಮೊದಲು ಶಾಲೆ ವಿಷಯ ಹೇಳಿಬಿಡ್ತೀನಿ ಅಕ್ಕ. ಇಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಕ್ಯಾಥೊಲಿಕ್ ಚರ್ಚಿನ ಆಡಳಿತದಲ್ಲೇ ಇವೆ, ಆದರೆ ಟೀಚರ್‌ಗಳ ಸಂಬಳ ಕೊಡೋದು ಸರ್ಕಾರ. ಸರ್ಕಾರದ ದುಡ್ಡು ಪಡೆಯುವ ಯಾವ ಶಾಲೆಯಲ್ಲೂ ಧರ್ಮಪಾಠಕ್ಕೆ ಕೂರದೇ ಓದುವ ಹಕ್ಕು ಮಗುವಿಗೆ ಇದೆ, ಸಂವಿಧಾನದ 44ನೇ ವಿಧಿಯಲ್ಲೇ ಇದೆ. ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆದು ಕೊಡಿ, ಆ ಹೊತ್ತಿನಲ್ಲಿ ಅವಳಿಗೆ ಬೇರೆ ಏನು ಕೆಲಸ ಕೊಡ್ತೀರಿ ಅಂತ ಕೇಳಿ. ಸುಮ್ನೆ ಬಣ್ಣ ಹಚ್ಚಿಸೋ ಬದಲು ಓದೋಕೆ ಪುಸ್ತಕವಾದರೂ ಕೊಡ್ತಾರೆ. ಎಜುಕೇಟ್ ಟುಗೆದರ್ ಶಾಲೆ (ಯಾವ ಚರ್ಚಿಗೂ ಸೇರದ ಶಾಲೆ) ಹತ್ತಿರದಲ್ಲಿ ಇದ್ದರೆ ವೇಟಿಂಗ್ ಲಿಸ್ಟಿಗೆ ಹೆಸರು ಕೊಟ್ಟಿಡಿ.

ಇನ್ನೊಂದು. 2018ಕ್ಕೆ ಮುಂಚೆ ಸೀಟು ಕಡಿಮೆ ಇದ್ದ ಕ್ಯಾಥೊಲಿಕ್ ಶಾಲೆ ದೀಕ್ಷಾಸ್ನಾನ ಆಗಿರೋ ಮಕ್ಕಳನ್ನು ಮೊದಲು ಸೇರಿಸಿಕೊಳ್ಳಬಹುದಿತ್ತು. ಹಾಗಾಗಿ ನಂಬಿಕೆ ಇಲ್ಲದ ಅಪ್ಪ ಅಮ್ಮಂದಿರೂ ಸೀಟಿಗೋಸ್ಕರ ಮಗುವಿನ ತಲೆಗೆ ನೀರು ಹಾಕಿಸುತ್ತಿದ್ದರು. ಆ ಕಾನೂನು ಈಗಿಲ್ಲ. ಆದರೆ ಕ್ಲಾಸಿನಲ್ಲಿ ಎಲ್ಲರೂ ಮಾಡುವಾಗ ನಮ್ಮ ಮಗು ಒಂದೇ ಬೇರೆ ಆಗಬಾರದು ಅನ್ನೋ ಆಸೆ ಇರುತ್ತಲ್ವಾ, ಅದು ಹೋಗಿಲ್ಲ.

ಗಾಲ್ವೇ ಬೆಳಗಾವಿ:

ಇಲ್ಲಿ ಜನ ಮೊದಲು ಕಳೆದುಕೊಂಡದ್ದು ಚರ್ಚಿನ ಮೇಲಿನ ನಂಬಿಕೆ. ದೇವರ ವಿಷಯ ಆಮೇಲಿನದು.

ಚರ್ಚಿನ ಹಿಡಿತ ಎಷ್ಟಿತ್ತು ಅಂದರೆ, 1937ರ ಸಂವಿಧಾನದಲ್ಲೇ ಅದಕ್ಕೆ ವಿಶೇಷ ಸ್ಥಾನ ಇತ್ತು. 1972ರಲ್ಲಿ ಜನರೇ ವೋಟು ಹಾಕಿ ಅದನ್ನು ತೆಗೆದರು. 1951ರಲ್ಲಿ ಆರೋಗ್ಯ ಮಂತ್ರಿ ನೋಯೆಲ್ ಬ್ರೌನ್ ತಾಯಿ ಮಕ್ಕಳಿಗೆ ಉಚಿತ ಚಿಕಿತ್ಸೆ ಕೊಡೋಕೆ ಹೊರಟಾಗ ಡಾಕ್ಟರುಗಳ ಜೊತೆ ಬಿಷಪ್‌ಗಳೂ ಬೇಡ ಅಂದರು, ಯೋಜನೆ ಬಿದ್ದುಹೋಯಿತು, ಮಂತ್ರಿ ರಾಜೀನಾಮೆ ಕೊಟ್ಟರು. ವಿಚ್ಛೇದನಕ್ಕೆ ಅವಕಾಶ ಸಿಕ್ಕಿದ್ದು 1995ರ ಜನಮತದಲ್ಲಿ, ಅದೂ ಸುಮಾರು 9,000 ವೋಟುಗಳ ಅಂತರದಲ್ಲಿ.

ಇಷ್ಟು ಅಧಿಕಾರ ಇದ್ದವರ ಮನೆಯೊಳಗಿನ ಕಥೆ ಹೊರಗೆ ಬರೋಕೆ ಶುರುವಾಯಿತು. 1992ರಲ್ಲಿ ಇಲ್ಲೇ ಗಾಲ್ವೇಯ ಬಿಷಪ್ ಏಮನ್ ಕೇಸಿಗೆ ಒಬ್ಬ ಮಗ ಇದ್ದಾನೆ ಅಂತ ಗೊತ್ತಾಯಿತು. ಅದು ಬರೀ ಶುರು. 2009ರ ರಯಾನ್ ವರದಿ ಓದಿ, ಧರ್ಮಸಂಸ್ಥೆಗಳ ಶಾಲೆಗಳಲ್ಲಿ ಬಡ ಮಕ್ಕಳಿಗೆ ದಶಕಗಟ್ಟಲೆ ಏನೇನು ಮಾಡಿದರು ಅನ್ನೋದು ಇದೆ, ಪೂರ್ತಿ ಓದೋಕೆ ಆಗಲ್ಲ. ಸಿಸ್ಟರ್‌ಗಳು, ಅಂದರೆ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಹೆಣ್ಣುಮಕ್ಕಳನ್ನು ಕೂಡಿಹಾಕಿ ಸಂಬಳ ಇಲ್ಲದೆ ಬಟ್ಟೆ ಒಗೆಸುತ್ತಿದ್ದರು, ಕೊನೆಯದು ಮುಚ್ಚಿದ್ದು 1996ರಲ್ಲಿ.

ಗಾಲ್ವೇಯಿಂದ ಕಾರಿನಲ್ಲಿ ಅರ್ಧ ಗಂಟೆ ಹೋದರೆ ಟೂಮ್ ಅನ್ನೋ ಊರು. ಮದುವೆ ಆಗದೆ ಬಸುರಿಯಾದ ಹೆಣ್ಣುಮಕ್ಕಳನ್ನು ಇಡುತ್ತಿದ್ದ ಮನೆ ಅಲ್ಲಿತ್ತು, ಸಿಸ್ಟರ್‌ಗಳು ನಡೆಸುತ್ತಿದ್ದರು, 1961ರಲ್ಲಿ ಮುಚ್ಚಿತು. ಕ್ಯಾಥರಿನ್ ಕೋರ್ಲೆಸ್ ಅನ್ನೋ ಸ್ಥಳೀಯ ಇತಿಹಾಸದ ಆಸಕ್ತೆ ತಾವೇ ದುಡ್ಡು ಕಟ್ಟಿ ಒಂದೊಂದೇ ಮರಣ ಪತ್ರ ತೆಗೆಸಿದರು. 796 ಮಕ್ಕಳು. ಸತ್ತದ್ದಕ್ಕೆ ದಾಖಲೆ ಇದೆ, ಮಣ್ಣು ಮಾಡಿದ್ದಕ್ಕೆ ಇಲ್ಲ. ಆ ಜಾಗದಲ್ಲಿ ನೆಲದೊಳಗಿನ ಕೋಣೆಗಳಲ್ಲಿ ಮಕ್ಕಳ ಮೂಳೆ ಇರೋದು 2017ರಲ್ಲಿ ಖಚಿತವಾಯಿತು. ಪೂರ್ತಿ ಅಗೆದು ತೆಗೆಯುವ ಕೆಲಸ ಶುರುವಾಗಿದ್ದು 2025ರಲ್ಲಿ. ದೀಕ್ಷಾಸ್ನಾನ ಕೊಟ್ಟ ಮಕ್ಕಳಿಗೆ ಒಂದು ಗೋರಿ ಕೊಡಲಿಲ್ಲ ಅನ್ನೋದನ್ನು ಇಲ್ಲಿನ ಅಜ್ಜಿಯರೂ ಕ್ಷಮಿಸಿಲ್ಲ.

ನಮ್ಮ ಊರಿನ ಸವಿತಾ ಹಾಲಪ್ಪನವರ್ ವಿಷಯ ಬಿಟ್ಟು ಈ ಮಾತು ಮುಗಿಸೋಕೆ ನನಗೆ ಆಗಲ್ಲ. ಅವರ ತಂದೆ ತಾಯಿ ಬೆಳಗಾವಿಯವರು. ದಂತವೈದ್ಯೆ, 31 ವರ್ಷ, 17 ವಾರದ ಬಸುರಿ. 2012ರ ಅಕ್ಟೋಬರ್‌ನಲ್ಲಿ ಗಾಲ್ವೇ ಆಸ್ಪತ್ರೆಯಲ್ಲಿ ಗರ್ಭ ಉಳಿಯಲ್ಲ ಅಂತ ಗೊತ್ತಾದ ಮೇಲೂ, ಭ್ರೂಣದ ಎದೆಬಡಿತ ಇದೆ ಅಂತ ಗರ್ಭಪಾತ ಮಾಡಲಿಲ್ಲ. ಇದು ಕ್ಯಾಥೊಲಿಕ್ ದೇಶ ಅನ್ನೋ ಮಾತು ಅಲ್ಲಿ ಅವರ ಕಿವಿಗೆ ಬಿತ್ತು. ನಂಜು ಏರಿ 28ರಂದು ತೀರಿಕೊಂಡರು. ಗರ್ಭಪಾತದ ನಿಷೇಧ ತೆಗೆಯಬೇಕಾ ಅಂತ ಕೇಳಿದ 2018ರ ಜನಮತದ ಹೊತ್ತಿಗೆ ಡಬ್ಲಿನ್‌ನ ಒಂದು ಗೋಡೆ ಮೇಲೆ ಅವರ ಚಿತ್ರ ಬರೆದಿದ್ದರು. ಜನ ಸಾಲು ನಿಂತು ಬಣ್ಣದ ಚೀಟಿ ಅಂಟಿಸಿದರು, ಕ್ಷಮಿಸಿ ಅಂತ ಬರೆದು. ಇದನ್ನು ನೋಡಿದ ಮೇಲೆ ಈ ದೇಶ ಯಾಕೆ ಬದಲಾಯಿತು ಅಂತ ನಾನು ಯಾರನ್ನೂ ಕೇಳಿಲ್ಲ.

ಲೆಕ್ಕ ಪತ್ರ:

ಗಾಲ್ವೇ ಸರ್ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಆದರೆ ಹಗರಣ ಒಂದೇ ಕಾರಣ ಅಂದರೆ ನಾನು ಒಪ್ಪಲ್ಲ. ನಾನಿರೋದು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ರಿಶ್ಚಿಯನ್ ಅಂತ ಬರೆಸಿದವರು 2001ರಲ್ಲಿ ನೂರಕ್ಕೆ 71.7, 2011ರಲ್ಲಿ 59.3, 2021ರಲ್ಲಿ 46.2. ಇಲ್ಲೂ ಚರ್ಚಿನ ಹಗರಣಗಳು ಬಂದಿವೆ, ಆದರೆ ಐರ್ಲೆಂಡಿನ ಹಾಗೆ ಇಡೀ ದೇಶದ ಶಾಲೆ, ಆಸ್ಪತ್ರೆ ಚರ್ಚಿನ ಕೈಯಲ್ಲಿ ಇರಲಿಲ್ಲ. ಆದರೂ ಕುಸಿದಿದೆ. ಯಾರೂ ಜಗಳ ಆಡಿಲ್ಲ, ಬಾಗಿಲು ಬಡಿದು ಹೊರಗೆ ಬಂದಿಲ್ಲ. ಅಜ್ಜಿ ಹೋಗುತ್ತಿದ್ದಳು, ಅಮ್ಮ ಕ್ರಿಸ್‌ಮಸ್‌ಗೆ ಮಾತ್ರ ಹೋದಳು, ಮಗಳಿಗೆ ದಾರಿಯೇ ಗೊತ್ತಿಲ್ಲ, ಅಷ್ಟೇ.

ಐರ್ಲೆಂಡಿನಲ್ಲೂ ಪಾದ್ರಿ ಆಗೋಕೆ ಬರುವ ಹುಡುಗರು ಕಡಿಮೆ ಆಗಿದ್ದು 1960ರ ದಶಕದ ಕೊನೆಯಿಂದಲೇ, ಕೇಸಿ ವಿಷಯ ಹೊರಬೀಳೋಕೆ ಎಷ್ಟೋ ಮುಂಚೆ. 1967ರಿಂದ ಹೈಸ್ಕೂಲು ಫ್ರೀ ಆಯಿತು. ಬಡ ರೈತನ ಮಗನಿಗೆ ಓದಿ ಮೇಲೆ ಬರೋಕೆ ಸೆಮಿನರಿ (ಪಾದ್ರಿ ಆಗೋರ ಶಾಲೆ) ಬಿಟ್ಟು ಬೇರೆ ದಾರಿಗಳು ತೆರೆದವು. 1973ರಲ್ಲಿ ಯುರೋಪಿನ ಒಕ್ಕೂಟ, ಆಮೇಲೆ ಕೆಲಸ, ಟಿವಿ, ಪಟ್ಟಣ. ಹೆಂಗಸರು ದುಡಿಯೋಕೆ ಶುರು ಮಾಡಿದರು. ಪಾದ್ರಿಯ ಮಾತು ಕೇಳಲೇಬೇಕಾದ ಪರಿಸ್ಥಿತಿ ಹೋಯಿತು. ಹಗರಣ ಆ ವೇಗವನ್ನು ಜಾಸ್ತಿ ಮಾಡಿತು ಅಂತ ನನ್ನ ಲೆಕ್ಕ.

ಅಂಕಿ ಹೋಲಿಸುವಾಗ ಒಂದು ನೆನಪಿಡಿ. 2022ರ ಐರಿಶ್ ಗಣತಿಯಲ್ಲಿ ಪ್ರಶ್ನೆಯನ್ನೇ ಬದಲಿಸಿದರು. ಮೊದಲು ನಿಮ್ಮ ಧರ್ಮ ಯಾವುದು ಅಂತ ಇತ್ತು, ಈಗ ಇದ್ದರೆ ಯಾವುದು ಅಂತ ಕೇಳಿದರು, ಧರ್ಮ ಇಲ್ಲ ಅನ್ನೋ ಉತ್ತರವನ್ನು ಮೇಲೆ ತಂದರು. ಅದರ ಪರಿಣಾಮ ಸ್ವಲ್ಪವಾದರೂ ಇರುತ್ತೆ.

ಕರಾವಳಿ ನರ್ಸ್:

ನಾನು ಮಂಗಳೂರಿನ ಕ್ಯಾಥೊಲಿಕ್, ಡಬ್ಲಿನ್‌ನಲ್ಲಿ ನರ್ಸ್. ನಿಮ್ಮೆಲ್ಲರ ಮಾತು ಓದಿ ಬೇಜಾರಾಯಿತು, ಯಾಕಂದರೆ ಹೆಚ್ಚಿನದು ನಿಜ. ಟೂಮ್ ಬಗ್ಗೆ ಮೊದಲ ಸಲ ಓದಿದಾಗ ನನಗೆ ಕೈಕಾಲು ಆಡಲಿಲ್ಲ. ನನ್ನ ಚರ್ಚ್ ಅದು. ಬೇರೆಯವರ ತಪ್ಪು ಅಂತ ಹೇಳಿ ಜಾರಿಕೊಳ್ಳೋಕೆ ನನಗೆ ಬರಲ್ಲ.

ಆದರೆ ಕ್ರೈಸ್ತ ಧರ್ಮ ಮುಗಿಯಿತು ಅನ್ನಬೇಡಿ ದಯವಿಟ್ಟು. ನಮ್ಮ ಪ್ಯಾರಿಷ್‌ನ ಬೆಳಗಿನ ಪೂಜೆಯಲ್ಲಿ ಇರೋದು ಹೆಚ್ಚಾಗಿ ತಲೆ ನರೆತವರು. ಅದೇ ಚರ್ಚಿನಲ್ಲಿ ಕೇರಳದವರ ಸಿರೋ ಮಲಬಾರ್ ಪೂಜೆ ಇರುವ ದಿನ ಮಕ್ಕಳ ಗಲಾಟೆಗೆ ಪಾದ್ರಿಯ ಮಾತೇ ಕೇಳಲ್ಲ. ನಮ್ಮ ಪಾದ್ರಿ ಕೂಡ ಭಾರತದಿಂದ ಬಂದವರು. ಒಂದು ಕಾಲದಲ್ಲಿ ಐರ್ಲೆಂಡ್ ನಮ್ಮ ಕಡೆಗೆ ಪಾದ್ರಿಗಳನ್ನೂ ಸಿಸ್ಟರ್‌ಗಳನ್ನೂ ಕಳಿಸುತ್ತಿತ್ತು, ಈಗ ನಾವು ಇಲ್ಲಿಗೆ ಕಳಿಸುತ್ತಿದ್ದೇವೆ.

ಊರಿನಲ್ಲಿ ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಹೇಳದೆ ಊಟಕ್ಕೆ ಕೂತದ್ದಿಲ್ಲ. ಮೊಂತಿ ಹಬ್ಬಕ್ಕೆ (ಮೇರಿ ಮಾತೆ ಹುಟ್ಟಿದ ಹಬ್ಬ) ಹೊಸ ತೆನೆ ಮನೆಗೆ ಬರಲೇಬೇಕು. ನಮ್ಮಲ್ಲಿ ಚರ್ಚ್ ಅಂದರೆ ಬರೀ ಪಾದ್ರಿ ಅಲ್ಲ. ವಾಡೆಗೊಬ್ಬ, ಅಂದರೆ ಅಕ್ಕಪಕ್ಕದ ಮನೆಗಳ ಗುಂಪಿಗೊಬ್ಬ ಗುರ್ಕಾರ್ (ಮುಖ್ಯಸ್ಥ) ಇರುತ್ತಾನೆ, ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಮದುವೆ ಎಲ್ಲ ಅವನಿಗೆ ಗೊತ್ತು, ಪಾದ್ರಿಯ ಎದುರು ನಿಂತು ಲೆಕ್ಕ ಕೇಳುವವರೂ ಇದ್ದಾರೆ. ಇಲ್ಲಿ ಪಾದ್ರಿಯನ್ನು ಕೇಳುವವರೇ ಇರಲಿಲ್ಲ. ಪೊಲೀಸರು, ಮಂತ್ರಿಗಳು ಕೂಡ ತಲೆಬಾಗಿ ನಿಂತರು. ಅಷ್ಟು ಅಧಿಕಾರ ಕೊಟ್ಟದ್ದೇ ಚರ್ಚಿಗೆ ಮುಳುವಾಯಿತು ಅಂತ ನನಗೆ ಅನಿಸುತ್ತೆ. ಈಗ ಬರುವವರು ಕಡಿಮೆ. ಆದರೆ ಯಾರ ಬಲವಂತವೂ ಇಲ್ಲದೆ ಬರುತ್ತಾರೆ, ನನಗೆ ಅವರ ಜೊತೆ ಪ್ರಾರ್ಥನೆ ಮಾಡೋದು ಇಷ್ಟ.

ಗಾಲ್ವೇ ಬೆಳಗಾವಿ:

ನರ್ಸ್ ಅಕ್ಕ, ನಿಮ್ಮ ಮಾತಿಗೆ ನನ್ನ ತಕರಾರಿಲ್ಲ. ಅಧಿಕಾರದ ಬಗ್ಗೆ ನೀವು ಹೇಳಿದ್ದು ನಾನು ಹೇಳಿದ್ದಕ್ಕಿಂತ ಸ್ಪಷ್ಟವಾಗಿದೆ.

ಲೆಕ್ಕ ಪತ್ರ ಸರ್‌ಗೆ ಒಂದು ಮಾತು. ಓದು, ದುಡ್ಡು, ಪಟ್ಟಣ ಎಲ್ಲ ಸರಿ, ಇಂಗ್ಲೆಂಡಿಗೆ ಅದು ಸಾಕಾಗಬಹುದು. ಇಲ್ಲಿಗೆ ಸಾಲಲ್ಲ. 1979ರಲ್ಲಿ ಪೋಪ್ ಜಾನ್ ಪಾಲ್ ಬಂದಾಗ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದರು, ಆಗ ದೇಶದ ಜನಸಂಖ್ಯೆಯೇ 34 ಲಕ್ಷದ ಆಸುಪಾಸು. ಫ್ರೀ ಹೈಸ್ಕೂಲು ಬಂದು ಹನ್ನೆರಡು ವರ್ಷ ಆಗಿತ್ತು ಅಲ್ವಾ. 1983ರಲ್ಲಿ ಗರ್ಭಪಾತದ ನಿಷೇಧವನ್ನು ಸಂವಿಧಾನಕ್ಕೆ ಸೇರಿಸಿ ಅಂತ ನೂರಕ್ಕೆ 67 ಜನ ವೋಟು ಹಾಕಿದರು. 2018ರಲ್ಲಿ ಅದನ್ನೇ ತೆಗೆಯಿರಿ ಅಂತ 66.4 ಜನ ಹಾಕಿದರು. ಅದಕ್ಕೆ ಎರಡು ವರ್ಷ ಮುಂಚಿನ ಗಣತಿ ನೋಡಿ, 78 ಜನ ಕ್ಯಾಥೊಲಿಕ್ ಅಂತಲೇ ಬರೆಸಿದ್ದಾರೆ. ಬಿಷಪ್‌ಗಳು ಬೇಡ ಅಂದದ್ದಕ್ಕೆ ಹೌದು ಅಂತ ವೋಟು ಹಾಕಿದವರಲ್ಲಿ ಲಕ್ಷಾಂತರ ಜನ ಕ್ಯಾಥೊಲಿಕರೇ ಆಗಿರಬೇಕು, ಇಲ್ಲದಿದ್ದರೆ ಈ ಲೆಕ್ಕ ಕೂಡೋದೇ ಇಲ್ಲ.